ಛಾವಣಿಯ ಆಂಟೆನಾದಿಂದ ಹಾರ್ಡ್‌ಡಿಸ್ಕಿನವರೆಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕೇಬಲ್ ಬಿಲ್ಲು ಕಟ್ಟಿ ಸಾಕಾದ ಅಮೆರಿಕದ ಕನ್ನಡಿಗರಿಂದ ಈ ಸಲ ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಕೇಳಿವೆ. ಗಾಳಿಯಲ್ಲಿ ಬಿಟ್ಟಿಯಾಗಿ ಬರುವ ಟಿವಿಯನ್ನು ಆಂಟೆನಾದಿಂದ ಹಿಡಿದು, ರೆಕಾರ್ಡ್ ಮಾಡಿಟ್ಟುಕೊಂಡು, ಮನೆಯ ಯಾವ ಕೋಣೆಯಲ್ಲಾದರೂ ನೋಡುವುದು ಹೇಗೆ? ಕರ್ನಾಟಕದಿಂದಲೂ ಪತ್ರ ಬಂದಿದೆ. ಕೇಳುವವರು ಹೆಚ್ಚಾಗಿ ಪೆಟ್ಟಿಗೆ, ಆ್ಯಪ್, ಚಂದಾದ ಬಗ್ಗೆ ಕೇಳುತ್ತಾರೆ. ತೊಂದರೆ ಮಾತ್ರ ಹೆಚ್ಚಾಗಿ ಆಂಟೆನಾದಲ್ಲೋ ವೈರಿನಲ್ಲೋ ಕೂತಿರುತ್ತದೆ. ಅದಕ್ಕೇ ಅಲ್ಲಿಂದ ಶುರು ಮಾಡಿದ್ದೇವೆ.

ಪ್ರಶ್ನೆ: ನಮ್ಮ ಮನೆ ನ್ಯೂಜೆರ್ಸಿಯ ಪ್ಲೇನ್ಸ್‌ಬರೊದಲ್ಲಿ. ಕಿಟಕಿಗೆ ಅಂಟಿಸುವ ಹಾಳೆಯಂಥ ಆಂಟೆನಾ ತಂದಿದ್ದೇನೆ. ನ್ಯೂಯಾರ್ಕಿನ 2, 4, 5 ಬಂದು ಬಂದು ಹೋಗುತ್ತವೆ. 7 ಮತ್ತು 11 ಅಪರೂಪ. ಫಿಲಡೆಲ್ಫಿಯಾದ 6 ಒಂದು ದಿನವೂ ಬಂದಿಲ್ಲ. ಆಂಟೆನಾ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಅದಕ್ಕೆ ಆ ಕೆಲಸ ಬರುವುದಿಲ್ಲ, ಅಷ್ಟೇ. 2009ರ ಜೂನ್ 12ರ ಹೊತ್ತಿಗೆ ಅಮೆರಿಕದ ದೊಡ್ಡ ಕೇಂದ್ರಗಳೆಲ್ಲ ಅನಲಾಗ್ ಬಿಟ್ಟು ಡಿಜಿಟಲ್‌ಗೆ ಬಂದವು. ಅಂದಿನಿಂದ ಪರದೆಯ ಮೇಲೆ ಕಾಣುವ ನಂಬರು ಬರೀ ಹೆಸರು. ಒಳಗೆ ಬೇರೊಂದು ನಿಜವಾದ ಚಾನೆಲ್ ಇರುತ್ತದೆ. ನ್ಯೂಯಾರ್ಕಿನ ‘2’ ನಿಜಕ್ಕೂ ಬರುವುದು 36ನೇ ಚಾನೆಲಿನಲ್ಲಿ. ಆದರೆ ಅಲ್ಲಿನ 7 ಮತ್ತು 11 ಈಗಲೂ ನಿಜವಾಗಿ 7 ಮತ್ತು 11ರಲ್ಲೇ ಇವೆ. ಫಿಲಡೆಲ್ಫಿಯಾದ 6 ಕೂಡ ನಿಜವಾಗಿ 6ರಲ್ಲೇ ಇದೆ.

ಇದರಿಂದ ಏನು ವ್ಯತ್ಯಾಸ ಎನ್ನುತ್ತೀರಾ? 14ರಿಂದ 36ರವರೆಗಿನ ಚಾನೆಲ್‌ಗಳು ಯುಎಚ್‌ಎಫ್, ಅಂದರೆ 470ರಿಂದ 608 ಮೆಗಾಹರ್ಟ್ಸ್. ಅಲ್ಲಿ ಅಲೆಯ ಉದ್ದ ಹೆಚ್ಚೂಕಡಿಮೆ ಅರ್ಧ ಮೀಟರ್, ಹಾಗಾಗಿ ಒಂದಡಿಯ ಹಾಳೆ ಸಾಕಾಗುತ್ತದೆ. 7ರಿಂದ 13 ಮೇಲಿನ ವಿಎಚ್‌ಎಫ್, ಅಂದರೆ ವಿಎಚ್‌ಎಫ್ ಎಂಬ ಉದ್ದ ಅಲೆಗಳ ಪಟ್ಟಿಯ ಮೇಲಿನ ಭಾಗ. 7ನೇ ಚಾನೆಲಿನ ಅಲೆ ಸುಮಾರು 1.7 ಮೀಟರ್. 6ನೇ ಚಾನೆಲ್ ಇರುವುದು 82–88 ಮೆಗಾಹರ್ಟ್ಸ್‌ನಲ್ಲಿ, ಎಫ್‌ಎಂ ರೇಡಿಯೋದ ಪಕ್ಕದ ಮನೆಯಲ್ಲಿ. ಅದರ ಅಲೆ ಮೂರೂವರೆ ಮೀಟರ್. ಅರ್ಧ ಅಲೆಯಷ್ಟು ಲೋಹ ಬೇಕೆಂದರೂ ಒಂದೂಮುಕ್ಕಾಲು ಮೀಟರ್ ಅಗಲ ಚಾಚಬೇಕು. ಹಾಳೆಯ ಡಬ್ಬಿಯ ಮೇಲೆ ‘ವಿಎಚ್‌ಎಫ್ ಕೂಡ’ ಎಂದು ಏನೇ ಅಚ್ಚಾಗಿರಲಿ, ಭೌತಶಾಸ್ತ್ರ ಡಬ್ಬಿಯನ್ನು ಓದುವುದಿಲ್ಲ.

ಖರ್ಚಿಲ್ಲದ ಪರೀಕ್ಷೆಯೊಂದಿದೆ. ಎರಡು ಕಡ್ಡಿಯ ಹಳೇ ಮಾದರಿಯ ಆಂಟೆನಾ ಸಿಕ್ಕರೆ, ಒಂದೊಂದು ಕಡ್ಡಿಯನ್ನೂ ಸುಮಾರು 33 ಇಂಚಿಗೆ ಎಳೆದು ಅಡ್ಡಡ್ಡ ಚಾಚಿ 6ಕ್ಕೆ ನೋಡಿ. 16 ಇಂಚಿಗೆ ಇಳಿಸಿ 7ಕ್ಕೆ ನೋಡಿ. ಸ್ವಲ್ಪವಾದರೂ ಸುಳಿವು ಕಂಡರೆ, ಬೇಕಾದದ್ದು ದೊಡ್ಡ ಆಂಟೆನಾ ಎಂಬುದು ಖಾತ್ರಿ.

ನಿಮ್ಮ ಊರಿಗೆ ಇನ್ನೊಂದು ತಾಪತ್ರಯವಿದೆ. ನ್ಯೂಯಾರ್ಕಿನ ಟ್ರಾನ್ಸ್‌ಮಿಟರ್‌ಗಳು ಈಶಾನ್ಯಕ್ಕೆ ಸುಮಾರು 40 ಮೈಲಿ. ಫಿಲಡೆಲ್ಫಿಯಾದ ರಾಕ್ಸ್‌ಬರೊ ಗೋಪುರಗಳು ನೈಋತ್ಯಕ್ಕೆ ಅಷ್ಟೇ ದೂರ. ಒಂದೇ ಆಂಟೆನಾ ಎರಡು ಕಡೆಗೂ ಮುಖ ಮಾಡಲಾರದು. ಎರಡು ಆಂಟೆನಾ ಹಾಕಿ, ಒಂದು ವೈರನ್ನು ಎರಡಾಗಿ ಒಡೆಯುವ ಸ್ಪ್ಲಿಟರ್ ಒಂದನ್ನು ತಿರುಗಿಸಿ ಎರಡೂ ವೈರನ್ನು ಒಂದು ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಮಾಡಬೇಡಿ. ಒಂದೇ ಕೇಂದ್ರದ ಸಿಗ್ನಲ್ ಎರಡೂ ಆಂಟೆನಾಗಳಿಂದ ಸ್ವಲ್ಪ ಹಿಂದೆಮುಂದೆ ಬಂದು ತನ್ನನ್ನು ತಾನೇ ಕೆಡಿಸಿಕೊಳ್ಳುತ್ತದೆ; ಸ್ಪ್ಲಿಟರ್ ಒಳಗೇ ಒಂದಷ್ಟು ಕಳೆದುಹೋಗುತ್ತದೆ. ರೆಕಾರ್ಡ್ ಮಾಡುವವರಿಗೆ ಇದಕ್ಕಿಂತ ಚೊಕ್ಕ ದಾರಿ ಇದೆ: ನೆಟ್‌ವರ್ಕಿಗೆ ಸೇರುವ ಎರಡು ಟ್ಯೂನರ್ ಪೆಟ್ಟಿಗೆ (ಆಂಟೆನಾದ ಸಿಗ್ನಲಿನಿಂದ ಬೇಕಾದ ಚಾನೆಲ್ ಆರಿಸಿಕೊಡುವ ಪೆಟ್ಟಿಗೆ) ತೆಗೆದುಕೊಂಡು, ಒಂದಕ್ಕೆ ನ್ಯೂಯಾರ್ಕ್ ಆಂಟೆನಾ, ಇನ್ನೊಂದಕ್ಕೆ ಫಿಲಡೆಲ್ಫಿಯಾ ಆಂಟೆನಾ ಕೊಡಿ. ಪ್ಲೆಕ್ಸ್, ಜೆಲ್ಲಿಫಿನ್, ಚಾನೆಲ್ಸ್‌ನಂಥ ರೆಕಾರ್ಡಿಂಗ್ ತಂತ್ರಾಂಶಗಳು ಎರಡರ ಚಾನೆಲ್ ಪಟ್ಟಿಯನ್ನೂ ಒಂದರಲ್ಲೇ ತೋರಿಸುತ್ತವೆ.

ಅದಕ್ಕೂ ಮುನ್ನ ಒಂದು ಯೋಚನೆ. ನ್ಯೂಯಾರ್ಕಿನ 7 ಮತ್ತು ಫಿಲಡೆಲ್ಫಿಯಾದ 6 ಎರಡೂ ಎಬಿಸಿ ಜಾಲದವೇ. ಸಂಜೆಯ ಕಾರ್ಯಕ್ರಮಗಳು ಎರಡರಲ್ಲೂ ಒಂದೇ. ಫಿಲಡೆಲ್ಫಿಯಾದ ಸ್ಥಳೀಯ ಸುದ್ದಿಯೇ ಬೇಕೆಂಬ ಹಟವಿಲ್ಲದಿದ್ದರೆ, ಮೇಲಿನ ವಿಎಚ್‌ಎಫ್ ಮತ್ತು ಯುಎಚ್‌ಎಫ್ ಎರಡನ್ನೂ ಹಿಡಿಯುವ ಒಂದೇ ಆಂಟೆನಾವನ್ನು ಛಾವಣಿಯ ಮೇಲೆ ಈಶಾನ್ಯಕ್ಕೆ ತಿರುಗಿಸಿ ನಿಲ್ಲಿಸಿ, ನೆಮ್ಮದಿಯಾಗಿರಿ. ಅಟ್ಟದೊಳಗೆ ಇಡಬಹುದು, ಆದರೆ 40 ಮೈಲಿ ದೂರಕ್ಕೆ ಅಟ್ಟ ಅಳುಕಿನ ಜಾಗ. ಅಟ್ಟದ ಒಳಮೈಗೆ ಬೆಳ್ಳಿಬಣ್ಣದ ಫಾಯಿಲ್ ಹೊದಿಸಿದ್ದರಂತೂ ಅಲ್ಲಿ ಏನೂ ಸಿಗುವುದಿಲ್ಲ. ನಿಮ್ಮ ವಿಳಾಸಕ್ಕೆ ಯಾವ ಕೇಂದ್ರ, ಯಾವ ನಿಜವಾದ ಚಾನೆಲ್, ಯಾವ ದಿಕ್ಕು ಎಂಬುದನ್ನು ರ‍್ಯಾಬಿಟ್‌ಇಯರ್ಸ್ ಜಾಲತಾಣದಲ್ಲಿ ನೋಡಿಕೊಂಡೇ ಅಂಗಡಿಗೆ ಹೋಗಿ. ಡಬ್ಬಿಯ ಮೇಲಿನ ‘200 ಮೈಲಿ’ ಎಂಬ ಮಾತನ್ನು ನಂಬಬೇಡಿ. ಭೂಮಿ ದುಂಡಗಿದೆ; ಅಷ್ಟು ದೂರದ ಗೋಪುರ ದಿಗಂತದಡಿ ಅಡಗಿರುತ್ತದೆ.

ಪ್ರಶ್ನೆ: ಸನ್ನಿವೇಲ್‌ನಲ್ಲಿ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಬಾಲ್ಕನಿಯಲ್ಲಿ ಆಂಟೆನಾ ಕಂಡರೆ ತೆಗೆಯಿರಿ ಎನ್ನುತ್ತಾರೆ. ಕಾನೂನು ಏನು ಹೇಳುತ್ತದೆ?

ಉತ್ತರ: ಅಮೆರಿಕದ ಸಂಪರ್ಕ ಆಯೋಗ ಎಫ್‌ಸಿಸಿ 1996ರಲ್ಲೇ ಇದಕ್ಕೊಂದು ನಿಯಮ ಮಾಡಿದೆ. ನಿಮ್ಮೊಬ್ಬರ ಬಳಕೆಗೇ ಇರುವ ಬಾಲ್ಕನಿ ಅಥವಾ ಅಂಗಳದಲ್ಲಿ ಸ್ಥಳೀಯ ಟಿವಿ ಆಂಟೆನಾ ಇಡುವುದನ್ನು ಮಾಲೀಕರಾಗಲಿ ಸಂಘವಾಗಲಿ ಸುಮ್ಮನೆ ನಿಷೇಧಿಸುವಂತಿಲ್ಲ. ಬಾಡಿಗೆದಾರರಿಗೂ ಇದು ಅನ್ವಯಿಸುತ್ತದೆ. ಎಲ್ಲರಿಗೂ ಸೇರಿದ ಛಾವಣಿಗೆ, ಹೊರಗೋಡೆಗೆ ಅನ್ವಯಿಸುವುದಿಲ್ಲ. ಗೋಡೆಗೆ ತೂತು ಕೊರೆಯಲು ಮಾಲೀಕರು ಬೇಡವೆನ್ನಬಹುದು. ಹಾಗಾಗಿ ಭಾರದ ಬುಡವಿರುವ ಗೂಟಕ್ಕೆ ಆಂಟೆನಾ ಕಟ್ಟಿ, ಕಂಬಿಯಿಂದ ಆಚೆ ಚಾಚದಂತೆ ನಿಲ್ಲಿಸಿ. ಬಾಗಿಲ ಸಂದಿಗೆ ಚಪ್ಪಟೆ ಕೇಬಲ್ ಸಿಗುತ್ತದೆ.

ಜಗಳಕ್ಕೆ ಮೊದಲು ದಿಕ್ಕು ನೋಡಿ. ಸ್ಯಾನ್ ಫ್ರಾನ್ಸಿಸ್ಕೋದ ಸೂಟ್ರೋ ಗೋಪುರ ನಿಮಗೆ ವಾಯವ್ಯಕ್ಕೆ ಸುಮಾರು 35 ಮೈಲಿ. ಬಾಲ್ಕನಿ ಆಗ್ನೇಯಕ್ಕೆ ಮುಖ ಮಾಡಿದ್ದರೆ ನಡುವೆ ನಿಮ್ಮ ಇಡೀ ಕಟ್ಟಡವೇ ನಿಂತಿದೆ, ಕಾನೂನು ಗೆದ್ದರೂ ಚಿತ್ರ ಬರುವುದು ಕಷ್ಟ.

ಪ್ರಶ್ನೆ: ಯಾವ ಪೆಟ್ಟಿಗೆ ಕೊಳ್ಳಲಿ? ಎಷ್ಟು ಟ್ಯೂನರ್ ಬೇಕು? ತಿಂಗಳ ಚಂದಾ ಇಲ್ಲದೆ ಆಗುತ್ತದೆಯೇ?

ಉತ್ತರ: ಎರಡು ಬಗೆಯ ಮನೆಗಳಿವೆ. ಒಂದು, ಪೆಟ್ಟಿಗೆ ತಂದು ಸಿಕ್ಕಿಸಿದ ಮೇಲೆ ಯಾರೂ ತಲೆ ಕೆಡಿಸಿಕೊಳ್ಳಬಾರದು ಎನ್ನುವ ಮನೆ. ಅಂಥವರಿಗೆ ನಾಲ್ಕನೇ ಪೀಳಿಗೆಯ ಟ್ಯಾಬ್ಲೊ ಸರಿ. ಅದಕ್ಕೆ ಚಂದಾ ಇಲ್ಲ, ಒಳಗೇ 128 ಗಿಗಾಬೈಟ್ ಜಾಗ ಇದೆ, ಹೊರಗೆ ಯುಎಸ್‌ಬಿ ಡಿಸ್ಕ್ ಸೇರಿಸಬಹುದು. ರೆಕಾರ್ಡಿಂಗ್‌ಗಳು ಅದರ ಆ್ಯಪ್‌ನೊಳಗೇ ನೋಡಲೆಂದು ಮಾಡಿದವು; ಫೈಲ್ ಎತ್ತಿಕೊಂಡು ಬೇರೆ ಕಡೆ ಇಟ್ಟುಕೊಳ್ಳುವ ಆಸೆ ಇದ್ದರೆ ಅದು ಬೇಡ.

ಇನ್ನೊಂದು, ಫೈಲು ನನ್ನ ಕೈಲಿರಬೇಕು ಎನ್ನುವ ಮನೆ. ಅವರಿಗೆ ಎಚ್‌ಡಿ ಹೋಮ್‌ರನ್. ಇದು ಟಿವಿಗೆ ಸಿಕ್ಕಿಸುವ ಪೆಟ್ಟಿಗೆಯಲ್ಲ. ಒಂದು ಕಡೆಯಿಂದ ಆಂಟೆನಾ ವೈರು ಬರುತ್ತದೆ, ಇನ್ನೊಂದು ಕಡೆಯಿಂದ ನೆಟ್‌ವರ್ಕ್ ವೈರು ರೂಟರಿಗೆ ಹೋಗುತ್ತದೆ. ಫ್ಲೆಕ್ಸ್ ಡ್ಯುಯೊದಲ್ಲಿ 2 ಟ್ಯೂನರ್, ಫ್ಲೆಕ್ಸ್ ಕ್ವಾಟ್ರೊದಲ್ಲಿ 4. ಫ್ಲೆಕ್ಸ್ ಮಾದರಿಗಳ ಬೆನ್ನಿಗೆ ಯುಎಸ್‌ಬಿ ಡಿಸ್ಕ್ ಹಾಕಿದರೆ ಕಂಪ್ಯೂಟರೇ ಇಲ್ಲದೆ ರೆಕಾರ್ಡ್ ಮಾಡಬಹುದು. ಕಾರ್ಯಕ್ರಮ ಪಟ್ಟಿಗೆ ವರ್ಷಕ್ಕೆ 35 ಡಾಲರ್. ಮನೆಯಲ್ಲಿ ಸದಾ ಉರಿಯುವ ಪುಟ್ಟ ಕಂಪ್ಯೂಟರ್ ಇದ್ದರೆ ಜೆಲ್ಲಿಫಿನ್ ಪೂರ್ತಿ ಉಚಿತ, ಆದರೆ ಕಾರ್ಯಕ್ರಮ ಪಟ್ಟಿಯನ್ನು ನೀವೇ ಹೊಂದಿಸಿಕೊಳ್ಳಬೇಕು. ಪ್ಲೆಕ್ಸ್‌ನಲ್ಲಿ ರೆಕಾರ್ಡಿಂಗಿಗೆ ಪ್ಲೆಕ್ಸ್ ಪಾಸ್ ಎಂಬ ಚಂದಾ ಬೇಕು. ಪಟ್ಟಿ ಇಲ್ಲದ ರೆಕಾರ್ಡರ್ ಅಂದರೆ ಪಂಚಾಂಗವಿಲ್ಲದ ಪುರೋಹಿತರಂತೆ: ಯಾವುದು ಯಾವಾಗ ಎಂಬುದೇ ಗೊತ್ತಾಗದು.

ಟ್ಯೂನರ್ ಲೆಕ್ಕ ಸುಲಭ. ಏಕಕಾಲಕ್ಕೆ ರೆಕಾರ್ಡ್ ಆಗುವ ಪ್ರತಿ ಕಾರ್ಯಕ್ರಮಕ್ಕೆ ಒಂದು, ನೇರ ನೋಡುವ ಪ್ರತಿ ಪರದೆಗೆ ಒಂದು. ರೆಕಾರ್ಡ್ ಆದದ್ದನ್ನು ನೋಡಲು ಟ್ಯೂನರ್ ಬೇಡ. ನಾಲ್ವರ ಮನೆಗೆ 4 ಧಾರಾಳವಾಯಿತು. 7.1 ಮತ್ತು 7.2ರಂಥ ಉಪಚಾನೆಲ್‌ಗಳು ಒಂದೇ ಅಲೆಯಲ್ಲಿ ಬಂದರೂ ಹೋಮ್‌ರನ್‌ನಲ್ಲಿ ಸಾಮಾನ್ಯವಾಗಿ ಎರಡು ಟ್ಯೂನರ್ ಹಿಡಿಯುತ್ತವೆ. ಟಿವಿಹೆಡ್‌ಎಂಡ್ ಎಂಬ ತಂತ್ರಾಂಶ ಮಾತ್ರ ಒಂದೇ ಟ್ಯೂನರಿನಿಂದ ಆ ಅಲೆಯ ಉಪಚಾನೆಲ್‌ಗಳನ್ನೆಲ್ಲ ಒಟ್ಟಿಗೇ ಕತ್ತರಿಸಿಕೊಳ್ಳಬಲ್ಲದು. ಬಲು ಶಕ್ತಿಯ ತಂತ್ರಾಂಶ, ಆದರೆ ಅದರ ಸೆಟ್ಟಿಂಗ್ಸ್ ಪುಟ ಕಂಡು ಓಡಿಹೋದವರೂ ಇದ್ದಾರೆ.

ಜೋಡಿಸುವ ಕ್ರಮ ಹೀಗೆ. ಮೊದಲು ಆಂಟೆನಾವನ್ನು ನೇರ ಟಿವಿಗೇ ಕೊಟ್ಟು ಚಾನೆಲ್ ಸ್ಕ್ಯಾನ್ ಮಾಡಿ, ಎಷ್ಟು ಬಂದವೆಂದು ಬರೆದಿಟ್ಟುಕೊಳ್ಳಿ. ಆಮೇಲೆ ಅದೇ ವೈರನ್ನು ಟ್ಯೂನರ್ ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ನೆಟ್‌ವರ್ಕ್ ವೈರಿನಿಂದಲೇ ರೂಟರಿಗೆ ಸೇರಿಸಿ. ಅಲ್ಲೂ ಸ್ಕ್ಯಾನ್ ಮಾಡಿ. ಎರಡು ಪಟ್ಟಿಯೂ ಒಂದೇ ಇದ್ದರೆ ಮಾತ್ರ ರೆಕಾರ್ಡಿಂಗ್ ತಂತ್ರಾಂಶಕ್ಕೆ ಕೈ ಹಾಕಿ. ಅಲ್ಲಿ ಟ್ಯೂನರ್ ಸೇರಿಸಿ, ಪಿನ್‌ಕೋಡ್ ಕೊಟ್ಟು ಪಟ್ಟಿ ಹೊಂದಿಸಿ, ಬಾರದ ಚಾನೆಲ್‌ಗಳ ಗುರುತು ತೆಗೆದುಬಿಡಿ. ಈ ಕೊನೆಯದನ್ನು ಮರೆತವರ ಪೆಟ್ಟಿಗೆ, ಸರಿಯಾಗಿ ಬಾರದ ಚಾನೆಲನ್ನೇ ಆರಿಸಿಕೊಂಡು ಖಾಲಿ ಫೈಲು ಮಾಡಿಡುತ್ತದೆ.

ಪ್ರಶ್ನೆ: ನೇರ ನೋಡುವಾಗ ಚೆನ್ನಾಗಿಯೇ ಇರುತ್ತದೆ. ರೆಕಾರ್ಡ್ ಆದದ್ದರಲ್ಲಿ ಮಾತ್ರ ಅಲ್ಲಲ್ಲಿ ಚೌಕ ಚೌಕವಾಗಿ ಒಡೆದು ಮಾತು ತಪ್ಪುತ್ತದೆ. ಬೂಸ್ಟರ್ ಹಾಕಿದೆ, ಇನ್ನೂ ಕೆಟ್ಟಿತು. ಈಗ ಹೊಸ ಸರ್ವರ್ ಕೊಳ್ಳಬೇಕೆಂದಿದ್ದೇನೆ. (ಡಲ್ಲಾಸ್ ಹತ್ತಿರದಿಂದ)

ಉತ್ತರ: ದಯವಿಟ್ಟು ಸರ್ವರ್ ಕೊಳ್ಳಬೇಡಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತಾದೀತು.

ಈ ರೆಕಾರ್ಡರ್‌ಗಳು ಹಳೇ ವಿಸಿಆರ್‌ನಂತೆ ಚಿತ್ರವನ್ನು ಮತ್ತೆ ಚಿತ್ರಿಸುವುದಿಲ್ಲ. ಗಾಳಿಯಲ್ಲಿ ಬಂದ ಬಿಟ್‌ಗಳನ್ನು ಹಾಗೇ ಡಿಸ್ಕಿಗೆ ಸುರಿಯುತ್ತವೆ. ಆದ್ದರಿಂದ ಗುಣಮಟ್ಟ ಒಂದಿಷ್ಟೂ ಇಳಿಯದು; ಹಾಗೆಯೇ ದಾರಿಯಲ್ಲಿ ಬಿದ್ದುಹೋದ ಬಿಟ್ ಎಂದಿಗೂ ಹಿಂದೆ ಬಾರದು. ನೇರ ನೋಡುವಾಗ ಅರ್ಧ ಸೆಕೆಂಡಿನ ಒಡಕನ್ನು ಕಣ್ಣು ಕ್ಷಮಿಸುತ್ತದೆ, ಅಷ್ಟರಲ್ಲಿ ಯಾರೋ ಕಾಫಿ ತರಲು ಎದ್ದಿರುತ್ತಾರೆ. ಫೈಲು ಮಾತ್ರ ಅದನ್ನು ಶಾಶ್ವತವಾಗಿ ಇಟ್ಟುಕೊಳ್ಳುತ್ತದೆ.

ಮೊದಲು ತಪ್ಪು ಎಲ್ಲಿದೆ ಎಂದು ಪತ್ತೆ ಮಾಡಿ. ಒಡೆದ ಜಾಗವನ್ನು ಹಿಂದಕ್ಕೆ ಎಳೆದು ಮೂರು ಸಲ ನೋಡಿ. ಪ್ರತಿಸಲವೂ ಅದೇ ಕ್ಷಣದಲ್ಲಿ ಒಡೆದರೆ ತಪ್ಪು ಫೈಲಿನೊಳಗಿದೆ: ಆಂಟೆನಾ, ವೈರು, ಇಲ್ಲವೇ ಟ್ಯೂನರಿನಿಂದ ಡಿಸ್ಕಿನವರೆಗಿನ ದಾರಿ. ಪ್ರತಿಸಲ ಬೇರೆ ಬೇರೆ ಕಡೆ ತಡೆದರೆ ಫೈಲು ಸರಿಯಿದೆ, ನಿಮ್ಮ ವೈಫೈ ತೊದಲುತ್ತಿದೆ.

ಫೈಲಿನೊಳಗೇ ಇದ್ದರೆ ಟ್ಯೂನರಿನ ಸ್ಥಿತಿ ಪುಟ ತೆರೆಯಿರಿ. ಹೋಮ್‌ರನ್‌ನಲ್ಲಿ ಅದರ ಐಪಿ ವಿಳಾಸವನ್ನು ಬ್ರೌಸರಿನಲ್ಲಿ ಬರೆದರೆ ಸಿಗುತ್ತದೆ. ಮೂರು ಅಂಕೆ ಕಾಣುತ್ತವೆ: ಸಿಗ್ನಲಿನ ಬಲ, ಸಿಗ್ನಲಿನ ಗುಣ, ಸಿಂಬಲ್ ಗುಣ. ಮೂರನೆಯದು 100 ಇರಲೇಬೇಕು. 99 ಅಂದರೂ ಬಿಟ್ ಬೀಳುತ್ತಿದೆ ಎಂದರ್ಥ. ಬಲ 100 ಇದ್ದು ಗುಣ ಕಡಿಮೆಯಾದರೆ ಸಿಗ್ನಲ್ ವಿಪರೀತವಾಗಿದೆ. ನಿಮ್ಮ ಬೂಸ್ಟರ್ ಮಾಡಿದ್ದು ಇದೇ ಇರಬೇಕು. ಗೋಪುರ ಹತ್ತಿರವಿದ್ದಾಗ ಬೂಸ್ಟರ್ ಕಿವಿಗೆ ಬಾಯಿಟ್ಟು ಕೂಗಿದಂತೆ, ಮಾತೇ ತಿಳಿಯುವುದಿಲ್ಲ. ಅದನ್ನು ತೆಗೆದು ಮತ್ತೆ ಅಂಕೆ ನೋಡಿ.

ಅಮೆರಿಕದ ಈಗಿನ ಡಿಜಿಟಲ್ ಪ್ರಸಾರಕ್ಕೆ, ಅಂದರೆ ಎಟಿಎಸ್‌ಸಿ 1.0ಕ್ಕೆ, ಗದ್ದಲಕ್ಕಿಂತ ಸಿಗ್ನಲ್ ಸುಮಾರು 15 ಡೆಸಿಬೆಲ್ ಮೇಲಿರಬೇಕು. 16 ಇದ್ದರೆ ಕನ್ನಡಿಯಂಥ ಚಿತ್ರ, 14ಕ್ಕೆ ಇಳಿದರೆ ಕಪ್ಪು. ಅನಲಾಗ್ ಕಾಲದಲ್ಲಿದ್ದ ಮಸುಕು, ಮಳೆ ಈಗಿಲ್ಲ. ಆದ್ದರಿಂದ ಚಿತ್ರ ಚೆನ್ನಾಗಿದೆ ಎಂಬುದು ಸಿಗ್ನಲ್ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ನೀವು ಪ್ರಪಾತದ ಅಂಚಿನಲ್ಲೇ ನಿಂತಿರಬಹುದು. ಗಾಳಿಗೆ ಮರದೆಲೆ ಅಲುಗಿದರೂ, ಮೇಲೊಂದು ವಿಮಾನ ಹೋದರೂ ಒಂದು ಹೆಜ್ಜೆ ಜಾರುತ್ತೀರಿ. ಏನೂ ಆಗದ ದಿನ 25 ಡೆಸಿಬೆಲ್ ಇದ್ದರೆ ರಾತ್ರಿ ನೆಮ್ಮದಿಯಿಂದ ಮಲಗಬಹುದು.

ಆ ಅಂತರ ಎಲ್ಲಿ ಸೋರುತ್ತದೆ? ಎರಡು ದಾರಿಯ ಸ್ಪ್ಲಿಟರ್ 3.5 ಡೆಸಿಬೆಲ್ ನುಂಗುತ್ತದೆ, ನಾಲ್ಕು ದಾರಿಯದು 7. ಆರ್‌ಜಿ-6 ಎಂಬ ಸಾಮಾನ್ಯ ಆಂಟೆನಾ ವೈರು ಯುಎಚ್‌ಎಫ್‌ನಲ್ಲಿ 100 ಅಡಿಗೆ ಸುಮಾರು 5. ಹಿಂದೆ ಪ್ರತಿ ಟಿವಿಗೂ ಒಂದು ವೈರು ಎಳೆದಿದ್ದ ಮನೆಗಳಲ್ಲಿ ಈ ಸ್ಪ್ಲಿಟರ್‌ಗಳು ಗೋಡೆಯೊಳಗೆ ಇನ್ನೂ ಇರುತ್ತವೆ. ನೆಟ್‌ವರ್ಕ್ ಟ್ಯೂನರ್ ಬಂದ ಮೇಲೆ ಅವು ಬೇಕಾಗಿಲ್ಲ: ಆಂಟೆನಾದಿಂದ ಒಂದೇ ವೈರು ನೇರ ಪೆಟ್ಟಿಗೆಗೆ. ನಾಲ್ಕು ಟ್ಯೂನರಿಗೆ ಹಂಚುವ ಕೆಲಸವನ್ನು ಪೆಟ್ಟಿಗೆಯೇ ಒಳಗೆ ಮಾಡಿಕೊಳ್ಳುತ್ತದೆ.

ಗೋಪುರ ನಿಜಕ್ಕೂ ದೂರವಿದ್ದು ವೈರು ಉದ್ದವಿದ್ದರೆ ಬೂಸ್ಟರ್ ಬೇಕಾದೀತು, ಆದರೆ ಅದರ ಜಾಗ ಆಂಟೆನಾದ ಬುಡದಲ್ಲಿ. ಟಿವಿಯ ಹಿಂದೆ ಹಾಕಿದ ಬೂಸ್ಟರ್ ವೈರಿನಲ್ಲಿ ಸೇರಿದ ಗದ್ದಲವನ್ನೂ ಸೇರಿಸಿ ಹಿಗ್ಗಿಸುತ್ತದೆ.

ಕನೆಕ್ಟರ್ ಬಿಚ್ಚಿ ನೋಡಿ. ನಡುವಿನ ತಾಮ್ರದ ತಂತಿ ಅಂಚಿನಿಂದ ಸುಮಾರು 3 ಮಿಲಿಮೀಟರ್ ಚಾಚಿರಬೇಕು, ಜಾಲರಿಯ ಒಂದು ಎಳೆಯೂ ಅದಕ್ಕೆ ತಾಗಬಾರದು. ಕೈಯಲ್ಲಿ ತಿರುಪಿ ಕೂರಿಸುವ ಕನೆಕ್ಟರ್ ಎಸೆದು, ಇಕ್ಕಳದಿಂದ ಒತ್ತಿ ಕೂರಿಸುವುದನ್ನು ಹಾಕಿ. ಹೊರಗಿನಿಂದ ಒಳಬರುವ ಜಾಗದಲ್ಲಿ ವೈರನ್ನು ಒಂದು ಸಲ ಕೆಳಗೆ ಬಳುಕಿಸಿ ಮೇಲೆತ್ತಿ, ಮಳೆನೀರು ಅಲ್ಲೇ ತೊಟ್ಟಿಕ್ಕಲಿ. ಹಸಿರು ಕಟ್ಟಿದ ತಾಮ್ರ ಕಂಡರೆ ನೀರು ಒಳಹೋಗಿದೆ. ವೈರಿನ ಆ ತುದಿಯನ್ನು ಒಂದಡಿ ಕತ್ತರಿಸಿ.

ಇನ್ನೂ ಎರಡು ಅಪರಾಧಿಗಳು. 2020ರ ಹೊತ್ತಿಗೆ 37ಕ್ಕಿಂತ ಮೇಲಿನ ಚಾನೆಲ್‌ಗಳನ್ನು ಮೊಬೈಲ್ ಕಂಪನಿಗಳಿಗೆ ಬಿಟ್ಟುಕೊಟ್ಟದ್ದಾಯಿತು. ಈಗ 617 ಮೆಗಾಹರ್ಟ್ಸ್‌ನಿಂದಲೇ ಮೊಬೈಲ್ ಗೋಪುರಗಳು ಮಾತಾಡುತ್ತವೆ. ಪಕ್ಕದಲ್ಲಿ ಅಂಥ ಗೋಪುರವಿದ್ದರೆ ಮೊಬೈಲ್ ಅಲೆಗಳನ್ನು ತಡೆಯುವ ಎಲ್‌ಟಿಇ ಫಿಲ್ಟರ್ ಹಾಕಿ, ಆದರೆ 608ಕ್ಕೇ ಕತ್ತರಿಸುವುದನ್ನು ಕೇಳಿ ತನ್ನಿ; ಹಳೇ ಫಿಲ್ಟರ್‌ಗಳು 698ರವರೆಗೆ ಬಾಗಿಲು ತೆರೆದಿಟ್ಟಿರುತ್ತವೆ. ಎರಡನೆಯದು ಅಗ್ಗದ ಎಲ್‌ಇಡಿ ಬಲ್ಬು ಮತ್ತು ಚಾರ್ಜರ್‌ಗಳು, ಇವು ವಿಎಚ್‌ಎಫ್ ಚಾನೆಲ್‌ಗಳನ್ನು ಕೆಡಿಸುತ್ತವೆ. ಸ್ಥಿತಿ ಪುಟ ತೆರೆದಿಟ್ಟು ಒಂದೊಂದೇ ಸ್ವಿಚ್ ಆರಿಸುತ್ತ ಬನ್ನಿ, ಅಂಕೆ ಜಿಗಿದ ಕೂಡಲೇ ಕಳ್ಳ ಸಿಕ್ಕಿದ.

ಪ್ರಶ್ನೆ: ಎಷ್ಟು ದೊಡ್ಡ ಹಾರ್ಡ್‌ಡಿಸ್ಕ್ ಬೇಕು? ಜಾಹೀರಾತು ತೆಗೆದು, ಫೈಲು ಚಿಕ್ಕದು ಮಾಡಿ ಇಟ್ಟುಕೊಳ್ಳಬಹುದೇ?

ಉತ್ತರ: ಎಟಿಎಸ್‌ಸಿ 1.0ರ ಒಂದು ಅಲೆಯಲ್ಲಿ ಸೆಕೆಂಡಿಗೆ 19.39 ಮೆಗಾಬಿಟ್ ಹರಿಯುತ್ತದೆ, ಗಂಟೆಗೆ ಸುಮಾರು 8.7 ಗಿಗಾಬೈಟ್. ಅದನ್ನು ಮುಖ್ಯ ಚಾನೆಲ್ ಮತ್ತು ಉಪಚಾನೆಲ್‌ಗಳು ಹಂಚಿಕೊಳ್ಳುವುದರಿಂದ ಎಚ್‌ಡಿ ಕಾರ್ಯಕ್ರಮವೊಂದಕ್ಕೆ ಗಂಟೆಗೆ 5ರಿಂದ 7 ಗಿಗಾಬೈಟ್ ಹಿಡಿಯಿರಿ. 2 ಟೆರಾಬೈಟ್ ಡಿಸ್ಕಿನಲ್ಲಿ 300 ಗಂಟೆಯ ಆಚೀಚೆ.

ಇಷ್ಟು ಜಾಗ ತಿನ್ನಲು ಕಾರಣ ಚಿತ್ರ ಎಂಪೆಗ್-2 ಎಂಬ ಕುಗ್ಗಿಸುವ ವಿಧಾನದಲ್ಲಿ ಇರುವುದು. ಅದು ಡಿವಿಡಿ ಕಾಲದ ವಿದ್ಯೆ. ಅದಕ್ಕಿಂತ ಹೊಸದಾದ ಎಚ್.264ಕ್ಕೆ ಬದಲಿಸಿದರೆ ಅರ್ಧಕ್ಕೆ ಇಳಿಯುತ್ತದೆ. ಬದಲಿಸುವ ಮುನ್ನ ಎರಡು ಎಚ್ಚರಿಕೆ. ಸಿಬಿಎಸ್, ಎನ್‌ಬಿಸಿ ಕೇಂದ್ರಗಳು ಸಾಮಾನ್ಯವಾಗಿ 1080 ಗೆರೆಯ ಚಿತ್ರವನ್ನು ಬೆಸ ಗೆರೆ, ಸರಿ ಗೆರೆ ಎಂದು ಒಡೆದು ಸೆಕೆಂಡಿಗೆ 60 ಸಲ ಕಳಿಸುತ್ತವೆ. ತಂತ್ರಾಂಶದಲ್ಲಿ ಅವನ್ನು ಹೆಣೆಯುವ ಆಯ್ಕೆಯನ್ನು 30ಕ್ಕೆ ಬಿಟ್ಟರೆ ಆಟದ ಚೆಂಡು ಕುಪ್ಪಳಿಸಿದಂತೆ ಕಾಣುತ್ತದೆ. 60ಕ್ಕೆ ಇಡಿ. ಎರಡನೆಯದು ಅಡಿಬರಹ. ಅದು ಎಂಪೆಗ್-2 ಚಿತ್ರದೊಳಗೇ ಹುದುಗಿರುತ್ತದೆ, ಬದಲಿಸುವಾಗ ಸದ್ದಿಲ್ಲದೆ ಬಿದ್ದುಹೋಗಬಹುದು. ಊರಿಂದ ಬಂದ ಅಪ್ಪ ಅಮ್ಮನಿಗೆ ಅಲ್ಲಿನ ಉಚ್ಚಾರಣೆ ಹಿಡಿಯದೆ ಅಡಿಬರಹವೇ ಆಧಾರವಾಗಿದ್ದರೆ, ಮೊದಲು ಅದನ್ನು ಬೇರೆ ಫೈಲಾಗಿ ತೆಗೆದಿಟ್ಟುಕೊಳ್ಳಿ.

ಜಾಹೀರಾತಿಗೆ ಕಾಮ್‌ಸ್ಕಿಪ್ ಎಂಬ ಉಚಿತ ತಂತ್ರಾಂಶವಿದೆ. ಕಪ್ಪು ಚೌಕಟ್ಟು, ಸದ್ದಿನ ಬದಲಾವಣೆ, ಮೂಲೆಯ ಲಾಂಛನ ಮಾಯವಾಗುವುದು, ಇವನ್ನೆಲ್ಲ ನೋಡಿ ಊಹಿಸುತ್ತದೆ. ಊಹೆ ತಪ್ಪುವುದೂ ಉಂಟು. ಕತ್ತರಿಸುವ ಆಯ್ಕೆ ಬಿಟ್ಟು, ಗುರುತು ಮಾತ್ರ ಹಾಕುವಂತೆ ಇಡಿ. ಕೊಲೆಗಾರ ಯಾರೆಂದು ಹೇಳುವ ದೃಶ್ಯವೇ ಹಾರಿಹೋದರೆ ಮನೆಯವರು ಕ್ಷಮಿಸುವುದಿಲ್ಲ.

ಪ್ರಶ್ನೆ: ಮನೆಯ ಮೇಲಿನ ಕೋಣೆಯಲ್ಲಿ ತಡೆ ತಡೆದು ಬರುತ್ತದೆ. ಹಾಗೆಯೇ, ರಜೆಗೆ ಮೈಸೂರಿಗೆ ಹೋದಾಗ ಇಲ್ಲಿನ ರೆಕಾರ್ಡಿಂಗ್ ಅಲ್ಲಿ ನೋಡಬಹುದೇ? ಗೆಳೆಯರಿಗೂ ಲಿಂಕ್ ಕೊಡಬಹುದೇ?

ಉತ್ತರ: ಮೇಲಿನ ಕೋಣೆಗೆ ಮೊದಲು. ಹಾಗೇ ಕಳಿಸಿದ ಎಂಪೆಗ್-2ಕ್ಕೆ ಎಡೆಬಿಡದೆ ಸೆಕೆಂಡಿಗೆ 15ಕ್ಕಿಂತ ಹೆಚ್ಚು ಮೆಗಾಬಿಟ್ ಬೇಕಾಗಬಹುದು. ಯೂಟ್ಯೂಬಿನಂತೆ ಮುಂಚಿತವಾಗಿ ಒಂದು ನಿಮಿಷದ್ದನ್ನು ತುಂಬಿಟ್ಟುಕೊಳ್ಳಲು ನೇರ ಪ್ರಸಾರದಲ್ಲಿ ಆಗುವುದಿಲ್ಲ, ಇನ್ನೂ ನಡೆಯದ್ದನ್ನು ತುಂಬುವುದೆಲ್ಲಿಂದ? 2.4 ಗಿಗಾಹರ್ಟ್ಸ್ ವೈಫೈ ಬಿಟ್ಟು 5ಕ್ಕೆ ಬನ್ನಿ. ಗೋಡೆಯಲ್ಲಿ ಹಳೇ ಕೇಬಲ್ ವೈರಿದ್ದರೆ ಮೋಕಾ ಅಡಾಪ್ಟರ್ ಜೋಡಿ ತಂದು ಅದನ್ನೇ ನೆಟ್‌ವರ್ಕ್ ವೈರು ಮಾಡಿ. ಮೋಕಾ 1125 ಮೆಗಾಹರ್ಟ್ಸ್‌ಗಿಂತ ಮೇಲೆ ಓಡುತ್ತದೆ, ಆಂಟೆನಾ 608ಕ್ಕಿಂತ ಕೆಳಗೆ. ಆದರೂ ಆಂಟೆನಾ ಕಡೆಯ ಬೂಸ್ಟರಿಗೆ ಮೋಕಾ ತಾಗದಂತೆ ನಡುವೆ ಅದರ ಫಿಲ್ಟರ್ ಹಾಕಲೇಬೇಕು.

ಮೈಸೂರಿನ ಮಾತು ಬೇರೆ. ಅಷ್ಟು ದೂರಕ್ಕೆ ಮೂಲ ಫೈಲು ಕಳಿಸುವುದು ಬೇಡ. ಬ್ರೌಸರ್‌ಗಳಂತೂ ಎಂಪೆಗ್-2ನ್ನು ಆಡಿಸುವುದೇ ಇಲ್ಲ. ಮನೆಯ ಕಂಪ್ಯೂಟರ್ ಆಗಿಂದಾಗಲೇ 720 ಗೆರೆ, 3–4 ಮೆಗಾಬಿಟ್‌ಗೆ ಇಳಿಸಿ ಕಳಿಸಬೇಕು. ಇಂಟೆಲ್ ಎನ್100 ಇರುವ ಅಂಗೈಯಗಲದ ಕಂಪ್ಯೂಟರ್ ಇದಕ್ಕೆ ಸಾಕು, ಅದರೊಳಗೆ ವಿಡಿಯೋಗೆಂದೇ ಬೇರೆ ಭಾಗವಿದೆ. ರಾಸ್‌ಬೆರಿ ಪೈ 5 ಹೊಸದು, ವೇಗದ್ದು, ಆದರೆ ಎಚ್.264 ಮಾಡುವ ಯಂತ್ರಾಂಶ ಅದರಲ್ಲಿಲ್ಲ, ಬೆವರು ಸುರಿಸುತ್ತದೆ. ರೂಟರಿನಲ್ಲಿ ಪೋರ್ಟ್ ತೆರೆದಿಟ್ಟು ಊರಿಗೆಲ್ಲ ಬಾಗಿಲು ತೆಗೆದುಕೊಡಬೇಡಿ. ಟೇಲ್‌ಸ್ಕೇಲ್‌ನಂಥ ಖಾಸಗಿ ಸುರಂಗದ ಮೂಲಕ ಬನ್ನಿ.

ಗೆಳೆಯರಿಗೆ ಲಿಂಕ್ ಬೇಡ. ಮನೆಯಲ್ಲಿ ಆಮೇಲೆ ನೋಡಲೆಂದು ರೆಕಾರ್ಡ್ ಮಾಡುವುದು ತಪ್ಪಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1984ರ ಬೀಟಾಮ್ಯಾಕ್ಸ್ ತೀರ್ಪಿನಲ್ಲಿ ಹೇಳಿತು. 2014ರಲ್ಲಿ ಅದೇ ಕೋರ್ಟು, ಪುಟ್ಟ ಆಂಟೆನಾಗಳ ಮೂಲಕ ಹಿಡಿದದ್ದನ್ನು ಚಂದಾದಾರರಿಗೆ ಇಂಟರ್‌ನೆಟ್ಟಿನಲ್ಲಿ ಕಳಿಸುತ್ತಿದ್ದ ಏರಿಯೊ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು. ನಿಮಗಾಗಿ ನೀವು ಮಾಡಿಕೊಳ್ಳುವುದಕ್ಕೂ ಇತರರಿಗೆ ಹಂಚುವುದಕ್ಕೂ ನಡುವಿನ ಗೆರೆ ದಾಟಬೇಡಿ.

ಪ್ರಶ್ನೆ: ‘ನೆಕ್ಸ್ಟ್‌ಜೆನ್’ ಟ್ಯೂನರಿಗೆ ಹೆಚ್ಚು ಹಣ ಕೊಡಬಹುದೇ?

ಉತ್ತರ: ರೆಕಾರ್ಡ್ ಮಾಡುವುದಕ್ಕೆಂದಾದರೆ ಈಗ ಬೇಡ. ನೆಕ್ಸ್ಟ್‌ಜೆನ್ ಎಂದರೆ ಮುಂದಿನ ಪೀಳಿಗೆಯ ಪ್ರಸಾರ, ಎಟಿಎಸ್‌ಸಿ 3.0. ಅದರ ಚಿತ್ರ ಮೇಲು, ದುರ್ಬಲ ಸಿಗ್ನಲಿಗೂ ಜಗ್ಗುವುದಿಲ್ಲ. ಆದರೆ ಅನೇಕ ಕೇಂದ್ರಗಳು ಅದಕ್ಕೆ ಗೂಢಲಿಪಿಯ ಬೀಗ ಹಾಕಿವೆ. ಬೀಗ ಹಾಕಿದ ಚಾನೆಲನ್ನು ಮನೆಯ ನೆಟ್‌ವರ್ಕಿನಲ್ಲಿ ಬೇಕಾದ ಪರದೆಗೆ ಹರಿಸುವುದು ಕಷ್ಟ. ಧ್ವನಿಯೂ ಎಸಿ-4 ಎಂಬ ಹೊಸ ಬಗೆಯದು, ಹಲವು ಉಪಕರಣಗಳಿಗೆ ಅದು ಅರ್ಥವಾಗುವುದಿಲ್ಲ. ಅಂದಹಾಗೆ, ಈ ತಂತ್ರಕ್ಕೆ ಚಿಪ್ ಮಾಡಿದವರಲ್ಲಿ ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಕೂಡ ಒಂದು.

ಪ್ರಶ್ನೆ: ಶಿವಮೊಗ್ಗದಿಂದ. ಅಮೆರಿಕದಲ್ಲಿರುವ ಮಗ ವಾಪಸು ಬರುವಾಗ ಅಲ್ಲಿನ ಟ್ಯೂನರ್ ಪೆಟ್ಟಿಗೆ ತರುತ್ತೇನೆ ಎನ್ನುತ್ತಾನೆ. ಚಂದನ ವಾಹಿನಿಯನ್ನು ಹೀಗೆ ರೆಕಾರ್ಡ್ ಮಾಡಿಕೊಳ್ಳಲು ಆಗುತ್ತದೆಯೇ?

ಉತ್ತರ: ಪೆಟ್ಟಿಗೆ ಅಲ್ಲೇ ಯಾರಿಗಾದರೂ ಕೊಟ್ಟು ಬರಲಿ. ಅದು ಎಟಿಎಸ್‌ಸಿ ಭಾಷೆ ಮಾತ್ರ ಬಲ್ಲದು, ನಮ್ಮಲ್ಲಿ ನಡೆಯುವುದು ಡಿವಿಬಿ ಎಂಬ ಬೇರೆಯೇ ಪ್ರಸಾರ ವಿಧಾನ. ಅಲ್ಲದೆ ದೂರದರ್ಶನದ ಹಳೇ ನೆಲದ ಟ್ರಾನ್ಸ್‌ಮಿಟರ್‌ಗಳಲ್ಲಿ ಬಹುಪಾಲು 2022ರ ಹೊತ್ತಿಗೆ ಮುಚ್ಚಿದವು. ಛಾವಣಿಯ ಮೇಲಿನ ಮೀನಿನ ಮುಳ್ಳಿನಂಥ ಆಂಟೆನಾ ಈಗ ಕಾಗೆಗೆ ಕೂರಲು ಮಾತ್ರ.

ನಿಮಗೆ ದಾರಿ ಡಿಡಿ ಫ್ರೀ ಡಿಶ್. ಚಂದಾ ಇಲ್ಲ, ಚಂದನ ಇದೆ. ಸಿಗ್ನಲ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. ಕರ್ನಾಟಕದಿಂದ ಅದು ಆಗ್ನೇಯಕ್ಕೆ, ನೆತ್ತಿಯ ಕಡೆಗೆ ಚೆನ್ನಾಗಿ ಮೇಲಿದೆ. ಬೆಂಗಳೂರಿನಲ್ಲಿ ಲೆಕ್ಕ ಹಾಕಿದರೆ ಉತ್ತರದಿಂದ ಸುಮಾರು 128 ಡಿಗ್ರಿ ತಿರುಗಿ, ದಿಗಂತದಿಂದ 66 ಡಿಗ್ರಿ ಎತ್ತರ. ಶಿವಮೊಗ್ಗದಲ್ಲಿ ಇದಕ್ಕೆ ಕೆಲವು ಡಿಗ್ರಿ ಆಚೀಚೆ. ಅಷ್ಟು ಮೇಲಿರುವುದರಿಂದ ಎದುರು ಮನೆ ಅಡ್ಡ ಬರುವುದು ಕಡಿಮೆ, ತಲೆಯ ಮೇಲಿನ ತೆಂಗಿನ ಗರಿಯೇ ಅಡ್ಡ ಬರುವುದು.

ಸರಳ ದಾರಿ ಎಂದರೆ ಯುಎಸ್‌ಬಿಗೆ ರೆಕಾರ್ಡ್ ಮಾಡುವ ಫ್ರೀ ಡಿಶ್ ಸೆಟ್‌ಟಾಪ್ ಬಾಕ್ಸ್. ಎಂಪೆಗ್-4 ಇರುವುದನ್ನೇ ತನ್ನಿ, ಹಳೇ ಎಂಪೆಗ್-2 ಪೆಟ್ಟಿಗೆಯಲ್ಲಿ ಹಲವು ಚಾನೆಲ್ ಕಾಣುವುದಿಲ್ಲ. ಅಂಗಡಿಯಲ್ಲೇ ಎರಡು ನಿಮಿಷ ರೆಕಾರ್ಡ್ ಮಾಡಿಸಿ, ಆ ಪೆನ್‌ಡ್ರೈವನ್ನು ಲ್ಯಾಪ್‌ಟಾಪಿಗೆ ಹಾಕಿ ನೋಡಿ. ಕೆಲವು ಪೆಟ್ಟಿಗೆ ಮಾಡಿದ ಫೈಲು ಅದೇ ಪೆಟ್ಟಿಗೆಯಲ್ಲಿ ಮಾತ್ರ ಓಡುತ್ತದೆ.

ಮಗನಿಗೆ ಕೈಕೆಲಸದ ಹುಕಿ ಇದ್ದರೆ, ಲಿನಕ್ಸ್ ಒಪ್ಪುವ ಡಿವಿಬಿ-ಎಸ್2 (ಉಪಗ್ರಹದ ಡಿವಿಬಿ) ಟ್ಯೂನರ್ ತಂದು ಟಿವಿಹೆಡ್‌ಎಂಡ್ ಹಾಕಲಿ. ಅದರಲ್ಲಿ ಉಪಗ್ರಹ ಜಾಲವೊಂದನ್ನು ಮಾಡಿ, ಎಲ್‌ಎನ್‌ಬಿ (ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ತಲೆ) ಯೂನಿವರ್ಸಲ್ ಎಂದು ಆರಿಸಿ, ಸೆಟ್‌ಟಾಪ್ ಬಾಕ್ಸಿನ ಇನ್‌ಸ್ಟಾಲೇಶನ್ ಪುಟದಲ್ಲಿ ಕಾಣುವ ಫ್ರೀಕ್ವೆನ್ಸಿಗಳನ್ನು ನಕಲು ಮಾಡಿ ಸ್ಕ್ಯಾನ್ ಮಾಡಿದರಾಯಿತು. ಒಂದೇ ಅಲೆಯಲ್ಲಿರುವ ವಾಹಿನಿಗಳನ್ನೆಲ್ಲ ಒಂದೇ ಟ್ಯೂನರಿನಲ್ಲಿ ಒಟ್ಟಿಗೆ ಹಿಡಿಯಬಹುದು. ಹೆಚ್ಚಿನವರು ಎಡವುವುದು ಇಲ್ಲಿ: ಡಿಶ್ ವೈರನ್ನು ಟಿವಿ ಸ್ಪ್ಲಿಟರಿನಿಂದ ಎರಡು ಮಾಡಿ ಒಂದು ಟಿವಿಗೆ, ಒಂದು ಕಂಪ್ಯೂಟರಿಗೆ ಕೊಡುತ್ತಾರೆ. ಪೆಟ್ಟಿಗೆ ಅದೇ ವೈರಿನಲ್ಲಿ 13 ಅಥವಾ 18 ವೋಲ್ಟ್ ಮೇಲಕ್ಕೆ ಕಳಿಸಿ ಎಲ್‌ಎನ್‌ಬಿಗೆ ಯಾವ ಬಗೆಯ ಅಲೆ ಬೇಕೆಂದು ಹೇಳುತ್ತದೆ. ಇಬ್ಬರು ಯಜಮಾನರು ಒಟ್ಟಿಗೆ ಹೇಳಿದರೆ ಅದು ಯಾರ ಮಾತು ಕೇಳೀತು? ಎರಡು ಬಾಯಿಯ ಟ್ವಿನ್ ಎಲ್‌ಎನ್‌ಬಿ ಹಾಕಿ, ಎರಡು ಬೇರೆ ವೈರು ಎಳೆಯಿರಿ. ಮಲೆನಾಡಿನ ಮಳೆ ಜೋರಾಗಿ ಹುಯ್ಯುವ ಹೊತ್ತಿನಲ್ಲಿ ಡಿಶ್‌ಗೆ ಬರುವ ಕೆಯು ಬ್ಯಾಂಡ್ ಸಿಗ್ನಲ್ ಕೈಕೊಡುತ್ತದೆ. ಡಿಶ್ ಕೂರಿಸುವಾಗ ಮೀಟರಿನಲ್ಲಿ ಕಡ್ಡಿ ಹಸಿರಾದ ಕೂಡಲೇ ನಿಲ್ಲಿಸದೆ, ಏರುವಷ್ಟೂ ಏರಿಸಿ ಆಮೇಲೆ ನಟ್ಟು ಬಿಗಿ ಮಾಡಿ.

ಪ್ರಶ್ನೆ: ಹ್ಯೂಸ್ಟನ್‌ನಲ್ಲಿ ಗುಡುಗು ಮಿಂಚು ಜಾಸ್ತಿ. ಛಾವಣಿಯ ಆಂಟೆನಾಕ್ಕೆ ಅರ್ತಿಂಗ್ ಬೇಕೇ?

ಉತ್ತರ: ಬೇಕು. ಆಂಟೆನಾದ ಕಂಬದಿಂದ 10 ಗೇಜಿನ ತಾಮ್ರದ ತಂತಿಯನ್ನು ಆದಷ್ಟು ನೇರವಾಗಿ ಇಳಿಸಿ, ಕರೆಂಟ್ ಮೀಟರಿನ ಬಳಿ ಇರುವ ಮನೆಯ ಅರ್ತಿಂಗಿಗೇ ಸೇರಿಸಿ. ಕೇಬಲ್ ಮನೆಯೊಳಗೆ ಹೋಗುವ ಜಾಗದಲ್ಲಿ ಗ್ರೌಂಡಿಂಗ್ ಬ್ಲಾಕ್ ಹಾಕಿ ಅದನ್ನೂ ಅಲ್ಲಿಗೇ ಸೇರಿಸಿ. ಬೇರೆಯೇ ಸಲಾಕೆ ಹೊಡೆದು ಮನೆಯದಕ್ಕೆ ಜೋಡಿಸದೆ ಬಿಟ್ಟರೆ, ಹತ್ತಿರ ಸಿಡಿಲು ಬಿದ್ದಾಗ ಎರಡರ ನಡುವಿನ ವೋಲ್ಟೇಜು ನಿಮ್ಮ ಟ್ಯೂನರಿನ ಮೂಲಕವೇ ಹಾಯುತ್ತದೆ. ಇದು ನೇರ ಹೊಡೆತವನ್ನು ತಡೆಯುವುದಿಲ್ಲ. ಕಂಬ ಬಿದ್ದರೂ ಕರೆಂಟ್ ತಂತಿಗೆ ತಾಗದಷ್ಟು ದೂರದಲ್ಲಿ ನಿಲ್ಲಿಸಿ.

ಪ್ರಶ್ನೆ: ಫುಟ್‌ಬಾಲ್ ಪಂದ್ಯದ ಕೊನೇ ಹತ್ತು ನಿಮಿಷ ಯಾವಾಗಲೂ ರೆಕಾರ್ಡ್ ಆಗುವುದಿಲ್ಲ. ಏನು ಮಾಡಲಿ?

ಉತ್ತರ: ಕಾರ್ಯಕ್ರಮ ಪಟ್ಟಿಗೆ ಪಂದ್ಯ ಲಂಬಿಸಿದ್ದು ಗೊತ್ತಾಗುವುದಿಲ್ಲ, ಬರೆದ ಹೊತ್ತಿಗೆ ನಿಲ್ಲಿಸುತ್ತದೆ. ಆಟಗಳಿಗೆ ಕೊನೆಯಲ್ಲಿ 60 ನಿಮಿಷ ಸೇರಿಸಿ, ಉಳಿದ ಕಾರ್ಯಕ್ರಮಗಳಿಗೆ ಶುರುವಿಗೆ ಮುಂಚೆ 1, ಮುಗಿದ ಮೇಲೆ 3 ನಿಮಿಷ ಸಾಕು. ಎಲ್ಲಕ್ಕೂ 60 ಕೊಟ್ಟರೆ ಮುಂದಿನ ರೆಕಾರ್ಡಿಂಗಿಗೆ ಟ್ಯೂನರ್ ಖಾಲಿ ಇರುವುದಿಲ್ಲ. ಪಂದ್ಯದ ನಂತರ ಅದೇ ಚಾನೆಲಿನಲ್ಲಿ ಬರುವ ಧಾರಾವಾಹಿಯೂ ಅಷ್ಟೇ ಮುಂದಕ್ಕೆ ಹೋಗಿರುತ್ತದೆ, ಆ ಒಂದು ದಿನ ಅದಕ್ಕೂ ಸೇರಿಸುವುದನ್ನು ಮರೆಯಬೇಡಿ.